ತಂಪು ಕೋಣೆಯ ಸರ್ವರ್ ಬಾಯಿ

ವಾಡಿಯ ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಕೆಲಸ ಮಾಡುವವರನ್ನು ನಾನು ಕಂಡಿದ್ದು ಒಬ್ಬರನ್ನೇ. ಕಂದು ಬಣ್ಣದ ಸ್ವೆಟರ್, ಮೊಣಕೈ ಹತ್ತಿರ ಬೇರೆ ಬಣ್ಣದ ಉಣ್ಣೆಯ ತೇಪೆ, ಒಳಗೆ ಗಂಜಿ ಹಾಕಿದ ಕಾಟನ್ ಸೀರೆ. ಕಾರ್ಖಾನೆಯ ದಾಸ್ತಾನು ಕಾಯುವ ನಾವು ಸ್ಟೋರ್ಸ್‌ನವರು ತಗಡಿನ ಸೂರಿನ ಕೆಳಗೆ ಸಿಮೆಂಟ್ ಧೂಳು, ಬೆವರು ಎರಡನ್ನೂ ಒಟ್ಟಿಗೇ ಒರೆಸಿಕೊಳ್ಳುತ್ತ ಕೂತಿದ್ದರೆ, ಆಕೆ ಎ.ಸಿ. ಕೋಣೆಯಿಂದ ಹೊರಬಂದು, "ಏನ್ ಥಂಡಿರಿ ಒಳಗ!" ಎನ್ನುತ್ತ ಬಿಸಿಲಿಗೆ ಕೈ ಕಾಸಿಕೊಳ್ಳುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ನಮ್ಮ ಸಿಮೆಂಟ್ ಕಾರ್ಖಾನೆಯ ಖರೀದಿ, ದಾಸ್ತಾನು, ಲಾರಿಗಳ ಗೇಟ್‌ಪಾಸ್ ಎಲ್ಲವೂ ಒಂದೇ ಸಾಫ್ಟ್‌ವೇರ್‌ಗೆ ಸೇರಿದವು. ಅದು ಓಡುವ ಸರ್ವರ್ ಇದ್ದದ್ದು ನಮ್ಮ ಆಫೀಸಿನ ಕಟ್ಟಡದಲ್ಲೇ. ಅದನ್ನು ನೋಡಿಕೊಳ್ಳುವ ಕುರ್ಚಿಯ ಆಸೆಗೆ ನಾನು ರಜೆಯ ದಿನವೆಲ್ಲ ಗುಲ್ಬರ್ಗಕ್ಕೆ ಓಡಾಡಿ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದೆ. ಕುರ್ಚಿ ಸಿಕ್ಕಿದ್ದು ಅಕೌಂಟ್ಸ್ ವಿಭಾಗದ ಈ ಹೆಂಗಸಿಗೆ. ಸೇಡಂನಲ್ಲಿ ಗುಡಿಯ ಪೂಜೆ ನಡೆಸುವ ಮನೆತನದ ಮಗಳು, ದಿನಾ ಪ್ಯಾಸೆಂಜರ್ ರೈಲಿನಲ್ಲಿ ಬಂದುಹೋಗುವವರು. ಹೆಂಗಸರನ್ನು ಗೌರವದಿಂದ 'ಬಾಯಿ' ಎನ್ನುವ ನಮ್ಮ ಕಡೆ, ಬಹಳ ಬೇಗ ಎಲ್ಲರ ಬಾಯಲ್ಲೂ 'ಸರ್ವರ್ ಬಾಯಿ' ಆದರು. ನಾನು ಸ್ಟೋರ್ಸ್‌ನವನಾಗಿಯೇ ಉಳಿದೆ.

ಧೂಳು ಹೋಗಬಾರದೆಂದು ಆ ಕೋಣೆಗೆ ಅವರು ಮಡಿ ವಿಧಿಸಿದ್ದರು. ಚಪ್ಪಲಿ ಹೊರಗೆ, ಕಾಲು ತೊಳೆದು ಒರೆಸಿಕೊಂಡು, ಬಟ್ಟೆ ಜಾಡಿಸಿ ಒಳಗೆ. ಮ್ಯಾನೇಜರ್ ಸಾಹೇಬರು ಕೂಡ ಪ್ಯಾಂಟ್ ಮಡಚಿ ನಳದ ಕೆಳಗೆ ಕಾಲೊಡ್ಡುತ್ತಿದ್ದರು. ನಾನು ಸ್ಟೋರ್ಸ್‌ನಲ್ಲಿ ಬೀಡಿ ಸೇದಬೇಡಿ ಎಂದು ಬೋರ್ಡ್ ಹಾಕಿಸಿದರೆ, ನಮ್ಮವರು ಆ ಬೋರ್ಡಿಗೇ ಬೀಡಿ ಒತ್ತಿ ಆರಿಸುತ್ತಿದ್ದರು!

ದಿನಾ ಸಂಜೆ ಸರ್ವರ್‌ನಲ್ಲಿದ್ದದ್ದೆಲ್ಲ ನಕಲಾಗಿ ಒಂದು ಟೇಪಿಗೆ ಇಳಿಯುತ್ತಿತ್ತು. ಅದನ್ನು ಆಕೆ ಊಟದ ಡಬ್ಬಿಯ ಪಕ್ಕ ಚೀಲದಲ್ಲಿಟ್ಟು ಮನೆಗೊಯ್ಯುತ್ತಿದ್ದರು. "ನಾಳಿ ಇಲ್ಲಿ ಬೆಂಕಿ ಬಿದ್ರೂ ಸೇಡಂದಾಗ ಇನ್ನೊಂದು ಕಾರ್ಖಾನಿ ಅದರಿ," ಎನ್ನುವುದು ಅವರ ಮಾತು. ಚಿತ್ತಾಪುರದವನಾದ ನಾನೂ ಅದೇ ರೈಲಿನಲ್ಲಿ ಹೋಗುತ್ತಿದ್ದೆ. ಒಮ್ಮೆ ಗದ್ದಲದಲ್ಲಿ ಅವರಿಗೆ ನಿಲ್ಲಲೂ ಜಾಗವಿರಲಿಲ್ಲ. "ಬಾಯಾರ, ಚೀಲ ಇಲ್ಲಿ ಕೊಡ್ರಿ, ನಾ ಹಿಡ್ಕೋತೀನಿ," ಎಂದೆ. ಆಕೆ ನಗುತ್ತ ಚೀಲದಿಂದ ಊಟದ ಡಬ್ಬಿ ತೆಗೆದು, "ಇದು ಹಿಡೀರಿ," ಎಂದು ನನ್ನ ಕೈಗಿಟ್ಟರು. ಚೀಲವನ್ನು ಕಂಕುಳಿಗೆ ಇನ್ನೂ ಬಿಗಿಯಾಗಿ ಅವುಚಿಕೊಂಡರು. ಚಿತ್ತಾಪುರದವರೆಗೂ ಖಾಲಿ ಡಬ್ಬಿ ಹಿಡಿದುಕೊಂಡು ಹಲ್ಲು ಕಡಿದೆ.

ಒಂದು ವರ್ಷ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಆಕೆ ರಜೆ ಹಾಕಿ ಮನೆಯವರ ಗುಡಿಯಲ್ಲಿದ್ದರು. ಇಲ್ಲಿ ಕ್ರಷರ್, ಲಾರಿ, ತೂಕದ ಯಂತ್ರ ಎಲ್ಲದಕ್ಕೂ ಪೂಜೆಯಾದ ಮೇಲೆ ಸಾಹೇಬರಿಗೆ ಸರ್ವರ್ ನೆನಪಾಯಿತು. ಕಾಲು ತೊಳೆದುಕೊಂಡೇ ಒಳಗೆ ಹೋದರು. ಮುಂದಿನ ಜಾಲರಿಗೆ ಧಾರಾಳವಾಗಿ ಅರಿಶಿನ, ಕುಂಕುಮ ಎರಚಿ, ಲೋಬಾನದ ಹೊಗೆ ಹಾಕಿಸಿದರು. ಒಳಗಿನ ಫ್ಯಾನ್ ಪೂಜೆಯನ್ನೆಲ್ಲ ಎಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಸರ್ವರ್ ಕಾದು ನಿಂತೇಬಿಟ್ಟಿತು. ಗೇಟ್‌ಪಾಸ್ ಬಾರದೆ ಲಾರಿಗಳು ಸಾಲುಗಟ್ಟಿದವು. ನನಗೆ ಒಳಗೊಳಗೇ ಖುಷಿ. ಹೇಗಿದ್ದರೂ ಬೈಗುಳ ಬೀಳುವುದು ಸರ್ವರ್ ಬಾಯಿಗೇ, ಕುರ್ಚಿ ನನ್ನ ಕಡೆ ಒಂದು ಗೇಣು ಸರಿದಂತೆಯೇ ಎಂದುಕೊಂಡೆ.

ಜೀಪು ಕಳಿಸಿ ಕರೆಸಿದರು. ಹಬ್ಬದ ಸೀರೆಯಲ್ಲೇ ಬಂದ ಆಕೆ ಮುಚ್ಚಳ ಬಿಚ್ಚಿ, ಬ್ರಷ್ಷಿನಿಂದ ಕೆಂಪು ಪುಡಿ ಉದುರಿಸುತ್ತ, "ಸಾಹೇಬ್ರ, ಗುಡ್ಯಾಗಿನ ದೇವ್ರು ಉಸಿರಾಡಂಗಿಲ್ಲರಿ. ಇದು ಉಸಿರಾಡ್ತದ," ಎಂದರು.

"ತಪ್ಪಾತ್ರಿ ಬಾಯಾರ," ಎಂದು ಸಾಹೇಬರು ಕೈ ಮುಗಿದರು! ಆ ಮನುಷ್ಯ ನನಗೆ ಒಂದು ದಿನವೂ "ಕುಂದ್ರಿ" ಅಂದವರಲ್ಲ.

ನಿವೃತ್ತಿ ಇನ್ನೂ ದೂರವಿದ್ದಾಗಲೇ ಆಕೆಗೆ ಕಾಯಿಲೆ ಬಂತು. ಹೈದರಾಬಾದಿನ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅಂತ್ಯಕ್ರಿಯೆಗೆ ಸೇಡಂಗೆ ಹೋದರೆ ಲಾರಿ ಡ್ರೈವರುಗಳೂ ಬಂದಿದ್ದರು. ನಾನು ಸತ್ತರೆ ಇಷ್ಟು ಜನ ಸೇರಿಯಾರೇ ಎಂದು ಅಲ್ಲೂ ಕರುಬಿದೆ. ಅಳುವೂ ಬಂತು, ಸುಳ್ಳೇಕೆ ಹೇಳಲಿ.

ಕೆಲವು ದಿನ ಕಳೆದು ಸಾಹೇಬರು ಕರೆಸಿ, ಆ ಕೋಣೆಯ ಕೀಲಿಕೈ ನನ್ನ ಮುಂದಿಟ್ಟರು. ನನ್ನ ಕೋರ್ಸಿನ ಬೆಲೆ ಕೊನೆಗಾದರೂ ತಿಳಿಯಿತಲ್ಲ ಎಂದು ಉಬ್ಬಿದೆ.

"ನಾ ಹೈದ್ರಾಬಾದಿಂದ ಬ್ಯಾರೆಯವ್ರನ್ನ ಕರಸೋನಿದ್ದೆ," ಎಂದರು ಅವರು. "ದವಾಖಾನ್ಯಾಗ ಬಾಯಾರೇ ನಿಮ್ಮ ಹೆಸರು ಹೇಳ್ಯಾರ."

"ನನ್ನ ಹೆಸರಾ? ಏನಂದ್ರರಿ ಅವ್ರು?"

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "'ಅವ್ರಿಗೆ ನನ್ನ ಮ್ಯಾಲ ಭಾಳ ಹೊಟ್ಟಿಕಿಚ್ಚದರಿ. ನನಕಿಂತ ಛಲೋ ನಡಸಿ ತೋರಸ್ಬೇಕಂತ ಜೀವಾನೇ ಇಡ್ತಾರ. ಅವ್ರಿಗೇ ಕೊಡ್ರಿ' ಅಂದ್ರು."

ಜೀವವನ್ನೇ ಇಟ್ಟೆ. ನಮ್ಮ ಮನೆ ಎದ್ದದ್ದು, ಮಕ್ಕಳು ಓದಿದ್ದು ಎಲ್ಲ ಆ ಕುರ್ಚಿಯಿಂದಲೇ. ಆದರೆ ಆಕೆಯ ಜಾಗದಲ್ಲಿ ನಾನು, ನನ್ನ ಜಾಗದಲ್ಲಿ ಆಕೆ ಇದ್ದಿದ್ದರೆ, ಆಸ್ಪತ್ರೆಯ ಮಂಚದ ಮೇಲೆ ನಾನು ಬೇರೆ ಯಾರದಾದರೂ ಹೆಸರು ಹೇಳುತ್ತಿದ್ದೆ.