ವಾಸಣ್ಣನ ಪತ್ತೇದಾರ

ಪುಣೆಯ ಯೆರವಡಾದ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದಂತೆಯೇ ವಾಸಣ್ಣನ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಹೊಸ ಗಿರಾಕಿಗಳು ನಿದ್ದೆ ಎಂದುಕೊಳ್ಳುತ್ತಿದ್ದರು. ಕಾದಂಬರಿಯ ಪತ್ತೇದಾರ ವಿಶ್ವಂಭರನ ಹಿಂದೆ ವಾಸಣ್ಣ ಯಾವುದೋ ಮಂಜಿನ ಬೀದಿಯಲ್ಲಿ ಹೊರಟಿದ್ದಾರೆಂದು ಹಳಬರಾದ ನಮಗೆ ಗೊತ್ತಿತ್ತು. ಸಾಂಬಾರಿನ ಹಬೆ, ಹೊರಗಿನ ರಿಕ್ಷಾದವರ ಮರಾಠಿ ಜಗಳ ಯಾವುದೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ವಿಶ್ವಂಭರನನ್ನು ಹುಟ್ಟಿಸಿದ ಲೇಖಕರು ಕೊನೆಗಾಲದಲ್ಲಿ ಪುಣೆಯ ಮಗಳ ಮನೆಯಲ್ಲಿದ್ದರು. ಕೈ ನಡುಗತೊಡಗಿದ ಮೇಲೆ ಈ ಹೋಟೆಲಿಗೇ ಬಂದು, ವಾಸಣ್ಣನಿಗೆ ಹೇಳಿ ಬರೆಸುತ್ತಿದ್ದರು. ಅವರು ತೀರಿಕೊಂಡಾಗ, ಮಾಲಿಕೆಯನ್ನು ನೀವೇ ಮುಂದುವರಿಸಿ ಎಂದರು ಪ್ರಕಾಶಕರು. ಕುಂದಾಪುರದ ಕಡೆಯ ವಾಸಣ್ಣ ಹೇಳುವುದು, ಕಲಬುರಗಿಯವಳಾದ ನಾನು ಮಗರಪಟ್ಟಾದ ಆಫೀಸು ಮುಗಿಸಿ ಬಂದು ಟೈಪು ಮಾಡುವುದು, ಹೀಗೆ ಶುರುವಾಯಿತು.

ಆದರೆ ವಾಸಣ್ಣನ ಪುಸ್ತಕಗಳಲ್ಲಿ ಕೊಲೆಯೇ ಆಗುತ್ತಿರಲಿಲ್ಲ. ಸರ ಕಳೆಯುತ್ತಿತ್ತು, ಮದುಮಗ ಕಾಣೆಯಾಗುತ್ತಿದ್ದ, ಅಷ್ಟೇ.

"ಒಂದಾದ್ರೂ ಹೆಣ ಬೀಳಿಸ್ರಿ ವಾಸಣ್ಣ, ಓದೋರಿಗೆ ಭಾಳ ಬ್ಯಾಸರಾಗೇದ" ಎಂದೆ.

ಅವರಿಗೆ ತೀರಿಹೋದ ಗುರುಗಳ ಮೇಲೇ ಸಿಟ್ಟು ಬಂತು. "ಹೆಣ ಇರುವ ಮನೆಯಲ್ಲಿ ಒಲೆ ಉರಿಸ್ತಾರಾ ಮಾರಾಯ್ತಿ? ಅವರ ವಿಶ್ವಂಭರ ಹೆಣದ ಪಕ್ಕ ಕೂತು ಕಾಫಿ ಕುಡೀತಿದ್ದ. ಎಲ್ಲಿಂದ ಬಂತು ಆ ಕಾಫಿ? ನಾನು ಬರೆದ್ರೆ ಅವ ಹಸಿದೇ ಕೂರಬೇಕು."

ನಗು ಬಂದರೂ ತಡೆದುಕೊಂಡೆ. ಆ ಮನುಷ್ಯ ನಿಜಕ್ಕೂ ಸಂಕಟಪಡುತ್ತಿದ್ದರು.

ಮಾರಾಟ ಬಿದ್ದುಹೋಯಿತು. ಮಾಲಿಕೆ ಸಾಕು, ಕೊನೆಯ ಪುಸ್ತಕದಲ್ಲಿ ವಿಶ್ವಂಭರನೇ ಸಾಯಲಿ ಎಂದರು ಪ್ರಕಾಶಕರು. ವಾಸಣ್ಣ ಒಲ್ಲದ ಮನಸ್ಸಿನಿಂದ ಒಪ್ಪಿ, ಕೊನೆಯ ಅಧ್ಯಾಯದಲ್ಲಿ ಅವನನ್ನು ಊಟಕ್ಕೆ ಕೂರಿಸಿದರು. ಬಾಗಿಲ ಹೊರಗೆ ಹಂತಕ ಪಿಸ್ತೂಲು ಹಿಡಿದು ನಿಂತ. ವಿಶ್ವಂಭರ ಎದ್ದು ಕೈ ತೊಳೆಯಲು ಬಂದರೆ ಗುಂಡು.

ಅಲ್ಲಿಂದ ಕಥೆ ಕದಲಲಿಲ್ಲ. ಒಂದು ಸಂಜೆ ಪಲ್ಯ, ಇನ್ನೊಂದು ಸಂಜೆ ಕೋಸಂಬರಿ, ಮತ್ತೆ ಸಾರು. ನನಗೂ ಕನಸಿನಲ್ಲಿ ಆ ಬಾಳೆಲೆ ಕಾಣತೊಡಗಿತು.

"ಇವತ್ತಾದ್ರೂ ಏಳತಾನೇನ್ರಿ?"

"ಉಣ್ಣುವವನನ್ನು ಎಬ್ಬಿಸಲಿಕ್ಕೆ ಆಗ್ತದಾ? ಮಜ್ಜಿಗೆ ಬಾಕಿ ಉಂಟು" ಎಂದರು ವಾಸಣ್ಣ.

ನಾವು ಆಡಿದ ಕೊನೆಯ ಮಾತು ಅದು. ಆ ವಾರವೇ ಹೃದಯಾಘಾತವಾಗಿ ಹೋಗಿಬಿಟ್ಟರು. ಅವರನ್ನು ಎಷ್ಟು ಹಚ್ಚಿಕೊಂಡಿದ್ದೆನೆಂದು ಅಂದು ತಿಳಿಯಿತು.

ಉಳಿದದ್ದು ಒಂದೇ ಪುಟ, ನೀವೇ ಮುಗಿಸಿಕೊಡಿ ಎಂದು ಪ್ರಕಾಶಕರು ಫೋನು ಮಾಡಿದರು. ಕಂಪ್ಯೂಟರ್ ತೆರೆದೆ. ವಿಶ್ವಂಭರನ ಎಲೆ ಖಾಲಿಯಾಗುತ್ತ ಬಂದಿತ್ತು. ಇನ್ನು ಮಜ್ಜಿಗೆ ಬಡಿಸಿದರೆ ಊಟ ಮುಗಿದಂತೆ.

ನಾನು ಅವನಿಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.