ಓಗೊಡದ ಹೆಸರು

ಚಂದಕವಾಡಿ ಹತ್ತಿರದ ಕರಿಕಲ್ಲಿನ ಕ್ವಾರಿಯಿಂದ ೧೯೯೬ರಲ್ಲಿ ದಿಲ್ಲಿಗೆ ಒಂದು ಬಂಡೆ ಹೊರಡಬೇಕಿತ್ತು. ಕೂಲಿಕಾರರ ಬದುಕು ಹಸನು ಮಾಡಿದವರಿಗೆ ಅಲ್ಲಿ ರಾಷ್ಟ್ರೀಯ ಸ್ಮಾರಕವಂತೆ.

ಬಂಡೆ ಸರಿಸಲು ಹಾರೆ ಒತ್ತುವ ಮುಂಚೆ ಪ್ರತಿಯೊಬ್ಬರ ಹೆಸರು ಕೂಗಬೇಕು, ಒಬ್ಬ ಓಗೊಡದಿದ್ದರೂ ಕಲ್ಲು ಅಲುಗಬಾರದು. ಈ ಕಟ್ಟಳೆ ತಂದವನು ದೊರೆಸ್ವಾಮಿ. ಆಮೇಲೆ ಯಾರ ಕೈಯೂ ಜಜ್ಜಿಹೋಗಿರಲಿಲ್ಲ. ಹೋದ ತಿಂಗಳು ಮೇಲಿನ ಬಂಡೆ ಕಳಚಿಬಿದ್ದು ಅವನೇ ಸತ್ತ. ಅಂಥ ಆಳು ನಮ್ಮಲ್ಲಿ ಇರಲೇ ಇಲ್ಲವೆಂದು ಮಾಲೀಕ ಪೊಲೀಸರಿಗೆ ಬರೆದುಕೊಟ್ಟ. ಉಳಿದವರು ಬಾಯಿ ಬಿಡಲಿಲ್ಲ. ಅವನ ಜೊತೆಯಾಳು ಚಿಕ್ಕಬಸವಯ್ಯನೂ ಬಿಡಲಿಲ್ಲ.

ಈಗ ಹೆಸರು ಕೂಗುವ ಕೆಲಸ ಅವನದು. ಐವರು ಓಗೊಟ್ಟರು. ಆರನೆಯದು ರೂಢಿಯಲ್ಲಿ ಬಾಯಿಗೆ ಬಂತು.

"ದೊರೆಸ್ವಾಮಿ."

ಯಾರೂ ಹಾರೆ ಒತ್ತಲಿಲ್ಲ. ಪಕ್ಕದಲ್ಲಿ ಯಾರೋ ಉಸಿರೆಳೆದುಕೊಂಡಂತಾಗಿ ಚಿಕ್ಕಬಸವಯ್ಯ ತಿರುಗಿದ; ಜಾಗ ಬರಿದಾಗಿತ್ತು.

"ಒತ್ರಲಾ, ಲಾರಿ ಕಾಯ್ತಾ ಅದೆ," ಎಂದ ಮಾಲೀಕ.

"ದೊರೆಸ್ವಾಮಿ ಓ ಅಂದಿಲ್ಲ ಬುದ್ದಿ," ಎಂದ ಚಿಕ್ಕಬಸವಯ್ಯ.

"ಅವನೆಲ್ಲಿ ಅಂದಾನ್ಲಾ? ಇದೇ ಕ್ವಾರೀಲಿ ಸತ್ನಲ್ಲ."

ಜಲ್ಲಿ ಒಡೆಯುತ್ತಿದ್ದ ದೊರೆಸ್ವಾಮಿಯ ಹೆಂಡತಿ ನೀಲಾವತಿಯ ಸುತ್ತಿಗೆ ನಿಂತಿತು.

ಚಿಕ್ಕಬಸವಯ್ಯ ಹಾರೆ ಕೆಳಗಿಟ್ಟ. "ಆ ಮಾತ ಇನ್ನೊಂದ್ಸಲ ಅನ್ನಿ ಬುದ್ದಿ. ಗುಂಡ್ಲುಪೇಟೆ ಲಾರಿ ಡ್ರೈವರಣ್ಣಂಗೂ ಕೇಳ್ಲಿ. ಠಾಣೇಲಿ ನಾನೂ ಅದನ್ನೇ ಹೇಳ್ಬೇಕು."