ಅಪ್ಪನ ಗಾಡಿಗೆ ಹೊಸ ಎಂಜಿನ್

ಅಪ್ಪ ತೀರಿಕೊಂಡ ಮೇಲೆ ಅವನ ಮೋಟರ್‌ಸೈಕಲ್ಲು ಹನ್ನೊಂದು ವರ್ಷ ಇಲಕಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ ತಾಡಪತ್ರಿಯ ಕೆಳಗೆ ನಿಂತಿತ್ತು. ಮಾರೋಣವೆಂದರೆ ಅವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಟ್ಟೆ ಒಣಹಾಕಲಿಕ್ಕೂ ಆ ಮೂಲೆಗೆ ಹೋಗುತ್ತಿರಲಿಲ್ಲ, ಅಷ್ಟೆ. ಹೋದ ವರ್ಷ ನಾನೇ ನಿರ್ಧಾರ ಮಾಡಿದೆ. ಎಂಜಿನ್ ಕಿತ್ತು ಗುಜರಿಗೆ ಹಾಕುವುದು, ಗಾಡಿಯ ಚೌಕಟ್ಟಾದ ಚಾಸಿ ಮಾತ್ರ ಉಳಿಸಿಕೊಂಡು ಅದರಲ್ಲಿ ಹೊಸ ಎಂಜಿನ್ ಕೂರಿಸುವುದು. ಗಾಡಿ ನನ್ನದಾಗಬೇಕು, ಅಪ್ಪನದಾಗಿ ಉಳಿಯಬಾರದು. ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಪ್ಪ ಸೀರೆ ವ್ಯಾಪಾರಿ. ಗಂಟು ಕಟ್ಟಿಕೊಂಡು ಬಾದಾಮಿ, ಬಾಗಲಕೋಟೆ, ಕಮತಗಿ ಎಂದು ಸುತ್ತುತ್ತಿದ್ದ. ತಿರುಗಿ ಬರುವಾಗ ಪೆಟ್ರೋಲು ಉಳಿಯಲೆಂದು ನಮ್ಮ ಓಣಿಯ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ, ಗಾಡಿಯನ್ನು ಹಾಗೇ ಉರುಳಲು ಬಿಡುತ್ತಿದ್ದ. ಆಗ ಗಾಡಿಯಿಂದ ಒಂದು ಸಪ್ಪಳ ಬರುತ್ತಿತ್ತು, ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ, ಹೂಂ ಎಂದು. ಎಂಜಿನ್ ಆರುವಾಗಿನ ಸಪ್ಪಳ ಅದು ಎಂದು ನಾವು ತಿಳಿದಿದ್ದೆವು. ಕಿವಿಗೆ ಬಿದ್ದೊಡನೆ ಮನೆಯಲ್ಲಿ ರೇಡಿಯೊ ನಿಲ್ಲುತ್ತಿತ್ತು. ಅಕ್ಕ ಒಳಕೋಣೆ ಸೇರುತ್ತಿದ್ದಳು. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಕಾಲು ತೊಳೆಯಲು ತಂಬಿಗೆ ನೀರು ಹಿಡಿದು ಬಾಗಿಲ ಪಕ್ಕದ ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಅಪ್ಪನಿಗೆ ಯಾವುದಕ್ಕೆ ಸಿಟ್ಟು ಬರುತ್ತದೆಂದು ಹೇಳಲಿಕ್ಕಾಗುತ್ತಿರಲಿಲ್ಲ. ರೊಟ್ಟಿ ಬಿರುಸಾದರೂ ತಾಟು ಗೋಡೆಗೆ ಹಾರುತ್ತಿತ್ತು. ನನಗೆ ಅವನ ಮೇಲೆ ಈಗಲೂ ಸಿಟ್ಟಿದೆ, ಮುಚ್ಚಿಡುವುದೇನಿದೆ.

ಬಾಗಲಕೋಟೆಯ ಗುಜರಿಯಲ್ಲಿ, ಅಪಘಾತದಲ್ಲಿ ಮುಂಭಾಗ ಜಜ್ಜಿಹೋದ ಹೊಸ ಗಾಡಿಯೊಂದರ ಎಂಜಿನ್ ಸಿಕ್ಕಿತು. ಅದನ್ನು ಹುನಗುಂದದ ಲೇಥ್ ಮಿಸ್ತ್ರಿಯ ಹತ್ತಿರ ಒಯ್ದೆ. ಅವರು ಅಪ್ಪನ ಕಾಲದಿಂದ ಪರಿಚಯದವರು, ನಾನು ಚಾಚಾ ಅನ್ನುತ್ತೇನೆ. ಹೊಸ ಎಂಜಿನ್ ಹಳೆಯದಕ್ಕಿಂತ ಗಿಡ್ಡ, ಆದರೆ ಅಗಲ. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು, ಆಮೇಲೆ ಉಕ್ಕಿನ ಪಟ್ಟಿ ಕೊರೆದು, ಅದನ್ನು ಚಾಸಿಯ ಹೊಟ್ಟೆಯಲ್ಲಿ ತೂಗುಹಾಕಿದೆವು. ಚೈನು ಮಾತ್ರ ಹಿಂದಿನ ಚಕ್ರದ ಹಲ್ಲಿಗೆ ನೇರ ಬರಲಿಲ್ಲ, ಅರ್ಧ ಬೆರಳು ಪಕ್ಕಕ್ಕೆ ಸರಿದಿತ್ತು. ನಿಮ್ಮ ಪಟ್ಟಿಗಳೇ ತಪ್ಪು ಎಂದು ಕೂಗಾಡಿ, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಅಂಗಡಿಯ ಶಟರಿಗೆ ಒಗೆದೆ.

“ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ. ಅಳತಿ ಕೊಟ್ಟಾವ ನೀನ ಅಲ್ಲೇನು?” ಎಂದರು ಚಾಚಾ. ಎದ್ದು ಹೋಗಿ ಪಾನಾ ಎತ್ತಿ ತಂದುಕೊಟ್ಟರು. “ನಿಮ್ಮಪ್ಪನೂ ಹಿಂಗ ಒಗೀತಿದ್ದ.”

“ಅವನ ಮಾತು ಇಲ್ಲಿ ತೆಗೀಬ್ಯಾಡ್ರಿ, ಚಾಚಾ.”

ಎಂಜಿನ್ನಿನ ಹಲ್ಲುಚಕ್ರದ ಹಿಂದೆ ಒಂದು ಬಿಲ್ಲೆ ತುರುಕಿದ ಮೇಲೆ ಚೈನು ನೇರವಾಯಿತು. ಗಾಡಿ ಚಾಲೂ ಮಾಡಿದರೆ ಹೊಲಿಗೆ ಯಂತ್ರದಷ್ಟೇ ಸಣ್ಣ ದನಿ. ಅಪ್ಪನ ಡುಬುಡುಬು ಎಲ್ಲಿಯೂ ಇರಲಿಲ್ಲ. ಗೆದ್ದೆನೆಂದು ಖುಷಿಯಾಯಿತು.

ಆವತ್ತು ಮಟಮಟ ಮಧ್ಯಾಹ್ನ ಇಲಕಲ್ಲಿಗೆ ಬಂದೆ. ಓಣಿಯ ಇಳಿಜಾರಿನಲ್ಲಿ ನನ್ನ ಹೆಬ್ಬೆರಳು ತಾನಾಗಿಯೇ ಸ್ವಿಚ್ಚು ಒತ್ತಿ ಎಂಜಿನ್ ಬಂದ್ ಮಾಡಿತು. ನಾನು ಹಾಗೆ ಎಂದೂ ಮಾಡಿದವನಲ್ಲ. ಗಾಡಿ ಉರುಳತೊಡಗಿತು, ನನ್ನ ಎರಡು ಮೊಣಕಾಲುಗಳ ನಡುವಿನಿಂದ ಹೂಂ ಎಂದು ಆ ಸಪ್ಪಳ ಎದ್ದಿತು. ಅಪ್ಪನ ಎಂಜಿನ್ ಗುಜರಿಗೆ ಹೋಗಿ ತಿಂಗಳ ಮೇಲಾಗಿತ್ತು. ಎದುರುಮನೆಯ ಮಗ್ಗ ತಟ್ಟನೆ ನಿಂತಿತು. ಅಲ್ಲಿಯ ಮುದುಕ ಕಿಟಕಿಗೆ ಬಂದು ನನ್ನನ್ನು ನೋಡಿದ. ನನ್ನ ಬೆನ್ನ ಹಿಂದೆಯೂ ಯಾರನ್ನೋ ಹುಡುಕಿದ.

ಈಗ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಅಕ್ಕ ಮದುವೆಯಾಗಿ ಶಿರೂರಿನಲ್ಲಿದ್ದಾಳೆ. ಒಳಗೆ ಟಿವಿ ಆರಿತ್ತು. ನಾನು ಬರುವ ಹೊತ್ತಿಗೆ ಅದು ಯಾವಾಗಲೂ ಆರಿಯೇ ಇರುತ್ತಿತ್ತು, ಅವ್ವ ಕರೆಂಟು ಉಳಿಸುತ್ತಾಳೆ ಎಂದುಕೊಂಡಿದ್ದೆ. ಅವ್ವ ಸೆರಗು ಹೊದ್ದು, ತಂಬಿಗೆ ಹಿಡಿದು, ಬಾಗಿಲ ಪಕ್ಕದ ಗೋಡೆಗೆ ಅಂಟಿ ನಿಂತಿದ್ದಳು. ನೀರು ತುಳುಕಿ ಅವಳ ಪಾದದ ಮೇಲೆ ಬೀಳುತ್ತಿತ್ತು.

“ಅವ್ವಾ, ನಾ ಅದೇನಿ,” ಎಂದೆ.

ಅವಳು ನನ್ನ ಮುಖ ನೋಡಿದಳು. ತಂಬಿಗೆ ಕೆಳಗಿಡಲಿಲ್ಲ.

ಮರುದಿನ ಗಾಡಿಯನ್ನು ಮತ್ತೆ ಹುನಗುಂದಕ್ಕೆ ಒಯ್ದೆ. ಚಾಚಾ ಚಾಸಿಯ ಮುಂದಿನ ಕೊಳವೆಯ ಮೇಲೆ ಬೆರಳಾಡಿಸಿ ಗುಟ್ಟು ಕಂಡುಹಿಡಿದರು. ಯಾವುದೋ ಕಾಲಕ್ಕೆ ಗಾಡಿ ಬಿದ್ದರೆ ಕಾಲಿಗೆ ಪೆಟ್ಟಾಗದಿರಲೆಂದು ಅಪ್ಪ ಮುಂದೆ ಒಂದು ಕಬ್ಬಿಣದ ಕಟಾಂಜನ ಕೂರಿಸಲು ಎರಡು ತೂತು ಕೊರೆಸಿದ್ದ. ಆಮೇಲೆ ಕಟಾಂಜನ ತೆಗೆದುಹಾಕಿ ತೂತುಗಳನ್ನು ಹಾಗೇ ಬಿಟ್ಟಿದ್ದ.

“ಗಾಳಿ ಹೊಕ್ಕು ಊದತೈತಿ, ಎಂಜಿನ್ ಬಂದ್ ಆದಾಗಷ್ಟ ಕೇಳಸತೈತಿ. ಸಪ್ಪಳ ಎಂಜಿನ್ನಿಂದಲ್ಲೋ, ಚಾಸಿದು,” ಎಂದರು. ಎರಡನ್ನೂ ವೆಲ್ಡಿಂಗ್ ಹಾಕಿ ಮುಚ್ಚಿ ನಕ್ಕರು. “ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂತಾರ. ಇದು ಸುಟ್ಟ ಕೂಡಲೆ ಹೋತು ನೋಡು.”

ಇಳಿಜಾರಿನಲ್ಲಿ ಮೂರು ಸಲ ಉರುಳಿ ನೋಡಿದೆ. ಸಪ್ಪಳವಿಲ್ಲ. ಅವ್ವನ ಬೆನ್ನು ಹತ್ತಿದ್ದ ಪೀಡೆಯನ್ನು ನಾನೇ ಕಳೆದೆನೆಂಬ ಸಮಾಧಾನದಿಂದ ಮನೆಗೆ ಬಂದೆ.

ಅವ್ವ ಗೋಡೆಗೆ ಅಂಟಿ ನಿಂತಿದ್ದಳು. ಮರುದಿನವೂ ನಿಂತಿದ್ದಳು. ಬೆಳಿಗ್ಗೆ ಮರೆತ ಮೊಬೈಲ್ ತರಲು ಹತ್ತು ನಿಮಿಷದಲ್ಲೇ ತಿರುಗಿ ಬಂದರೆ ಆಗಲೂ ಅಲ್ಲೇ ಇದ್ದಳು, ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು. ವಾರವಾಗುವಷ್ಟರಲ್ಲಿ ನನ್ನ ತಾಳ್ಮೆ ಮುಗಿಯಿತು.

“ಸಪ್ಪಳ ಬಂದ್ ಆತಲ್ಲ? ಇನ್ನೂ ಯಾಕ ಹಿಂಗ ನಿಂದರ್ತಿ?” ನನ್ನ ದನಿ ಓಣಿಗೆ ಕೇಳುವಷ್ಟು ಏರಿತ್ತು.

“ಸಪ್ಪಳ ಇದ್ರ ಛಲೋ ಇತ್ತಪಾ,” ಎಂದಳು ಅವ್ವ, ಮೆಲ್ಲಗೆ. “ಯಾವಾಗ ನಿಂದರಬೇಕು ಅಂತ ಗೊತ್ತಾಗ್ತಿತ್ತು. ಈಗ ಹೊತ್ತಿಡೀ ನಿಂದರಬೇಕಾಗೇತಿ.”

“ಅಪ್ಪ ಸತ್ತು ಹನ್ನೊಂದು ವರ್ಷಾತು. ಯಾರಿಗೆ ಅಂಜತಿ ನೀ?”

ಅವ್ವ ಸೆರಗನ್ನು ಹಣೆಯವರೆಗೂ ಎಳೆದುಕೊಂಡಳು.

“ನಿನಗ,” ಎಂದಳು.

ನನಗೆ ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ. ಹೊಸ್ತಿಲ ಹೊರಗೇ ಕುಳಿತುಬಿಟ್ಟೆ.